ತಾಮ್ರ ಹಿಡಿಯುವ ಹಳದಿ ಚೀಟಿ

ಒಂದೂಕಾಲು ಗ್ರಾಂ ಹಳದಿ ಪುಡಿ. ಅದಕ್ಕೆ ನನಗೆ ಬಿದ್ದದ್ದು ಹದಿನಾಲ್ಕು ತಿಂಗಳು, ಸುಮಾರು ತೊಂಬತ್ತು ಲೀಟರ್ ಸ್ಪಿರಿಟ್, ಒಡೆದುಹೋದ ಮೂರು ಗಾಜಿನ ಬುರುಡೆ, ಎರಡು ಬೇಸಿಗೆ ರಜೆ. ಇದು ಪುಡಿ ಕೈಗೆ ಬರುವವರೆಗಿನ ಬೆಲೆ. ಬಂದ ಮೇಲೆ ತೆತ್ತದ್ದು ಬೇರೆ, ಅದನ್ನು ನಾನು ತೆರಲಿಲ್ಲ. ಸಂಸೆಯಲ್ಲಿದ್ದ ನನ್ನ ಭಾವ ತೆತ್ತರು. ಏಳು ಎಸ್ಟೇಟಿಗೆ ಬೋರ್ಡೋ ಮದ್ದು ಕಲೆಸಿಕೊಡುತ್ತಿದ್ದ ಮನುಷ್ಯ, ಆ ಪುಡಿ ಹಚ್ಚಿದ ಕಾಗದದ ಚೂರನ್ನು ನಂಬಿ ಒಂದೇ ಮಳೆಗಾಲದಲ್ಲಿ ಏಳನ್ನೂ ಕಳೆದುಕೊಂಡರು.

ಚಿಟಿಕೆ ಪುಡಿಗೆ ತೊಂಬತ್ತು ಲೀಟರ್ ಯಾಕೆ ಎಂದು ಅಬಕಾರಿ ಇನ್‌ಸ್ಪೆಕ್ಟರೂ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಾನು ಮಾಡುತ್ತಿದ್ದದ್ದು ಬಳೆಯಾಕಾರದ ಅಣು. ಉದ್ದನೆಯ ಅಣುವಿನ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸಿದರೆ ಬಳೆ. ಆದರೆ ಪಾತ್ರೆಯಲ್ಲಿ ಅಂಥವು ಲೆಕ್ಕವಿಲ್ಲದಷ್ಟು ಇರುತ್ತವೆ. ಒಂದರ ಬಾಲ ಪಕ್ಕದ್ದರ ತಲೆ ಹಿಡಿಯುತ್ತದೆ, ಅದರ ಬಾಲ ಅದರಾಚೆಯದನ್ನು. ಕೊನೆಗೆ ಬುರುಡೆಯ ತಳದಲ್ಲಿ ಸಿಗುವುದು ಬಳೆಯಲ್ಲ, ಹಲಸಿನ ಮೇಣದಂಥ ಅಂಟು. ಒಂದಕ್ಕೊಂದು ಎಟುಕದಷ್ಟು ದೂರದಲ್ಲಿ ಇಟ್ಟರೆ ಮಾತ್ರ, ಹಿಡಿಯಲು ಬೇರೆ ಯಾರೂ ಸಿಗದೆ, ಅದು ತನ್ನ ಬಾಲವನ್ನು ತಾನೇ ಹಿಡಿದುಕೊಳ್ಳುತ್ತದೆ. ದೂರ ಇಡುವುದಕ್ಕೆ ಸ್ಪಿರಿಟ್ ಬೇಕು, ಹನಿಹನಿಯಾಗಿ ಬಿಡುತ್ತಾ ಕಾಯುವುದಕ್ಕೆ ಒಬ್ಬ ಮನುಷ್ಯ ಬೇಕು. ಇನ್‌ಸ್ಪೆಕ್ಟರು ಎಲ್ಲವನ್ನೂ ಕೇಳಿ, "ಅಷ್ಟು ಸ್ಪಿರಿಟ್ಟಿನ ಮಧ್ಯೆ ಒಬ್ಬರೇ ಕೂತು ಕುಡಿಯೋದಿಲ್ಲ ಅಂತೀರಲ್ಲ, ನಿಮ್ಮನ್ನ ನಂಬೋದು ಹೆಂಗೆ?" ಎಂದರು. ಸ್ಪಿರಿಟ್ಟನ್ನೇ ಮೂಸಿ ನೋಡಿ ಅಂದೆ. ಮೂಸಿ, ಮುಖ ಕಿವುಚಿಕೊಂಡು, ಸಹಿ ಹಾಕಿದರು.

ನಾನು ಆಗ ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆ. ಪಿಎಚ್‌ಡಿಗೆ ಮೈಸೂರಿನಲ್ಲಿ ಒಬ್ಬ ಗೈಡ್ ಸಿಕ್ಕಿದ್ದರು. ಪ್ರಯೋಗವೆಲ್ಲ ನಮ್ಮ ಕಾಲೇಜಿನ ಲ್ಯಾಬಿನ ಹಿಂದಿನ ಸಾಮಾನು ಕೋಣೆಯಲ್ಲಿ. ಹೊರದೇಶದ ಪತ್ರಿಕೆಗಳಲ್ಲಿ ಆ ವಿದ್ಯೆಗೆ ಸುಪ್ರಾಮಾಲಿಕ್ಯುಲರ್ ಕೆಮಿಸ್ಟ್ರಿ ಎಂಬ ಹೆಸರು ಆಗಷ್ಟೇ ಓಡಾಡತೊಡಗಿತ್ತು. ಅಣುವನ್ನು ಅಣುವಿಗೆ ಬೆಸೆಯುವುದು ಹಳೆಯ ಕೆಮಿಸ್ಟ್ರಿ. ಇದು ಬೆಸೆಯದೆ ಕೂರಿಸಿಕೊಳ್ಳುವ ವಿದ್ಯೆ. ಒಂದು ಅಣು ಮನೆ, ಇನ್ನೊಂದು ನೆಂಟ. ಬಾಗಿಲ ಅಳತೆಗೆ ಸರಿಹೊಂದುವ ನೆಂಟ ಮಾತ್ರ ಒಳಗೆ ಬರುತ್ತಾನೆ, ಬಂದು ಕೂತದ್ದು ಹೊರಗಿನವರಿಗೆ ಗೊತ್ತಾಗಲಿ ಎಂದು ಮನೆಯ ಬಣ್ಣ ಬದಲಾಗುತ್ತದೆ. ನನ್ನ ಬಳೆಯ ನೆಂಟ ತಾಮ್ರ. ತಾಮ್ರ ಇಲ್ಲದಾಗ ಹಳದಿ, ಕೂತಾಗ ನೇರಳೆ.

ತಾಮ್ರವೇ ಯಾಕೆ ಎಂದರೆ, ನಾನು ತಾಮ್ರದಲ್ಲೇ ಬೆಳೆದವನು. ಕಳಸದಲ್ಲಿ ನಮ್ಮ ಅಪ್ಪನದು ಸಣ್ಣ ಅಂಗಡಿ. ಕತ್ತಿ, ಹಗ್ಗ, ಗೋಣಿ, ಮಳೆಗಾಲದ ಮುಂಚೆ ಮೈಲುತುತ್ತ, ಅಂದರೆ ತಾಮ್ರದ ಉಪ್ಪು. ನವಿಲಿನ ಕತ್ತಿನ ಬಣ್ಣದ ಆ ಹರಳುಗಳನ್ನು ತೂಗಿಕೊಡುತ್ತಾ ನಾನು ಚೌಕಾಸಿ ಕಲಿತದ್ದು. ಓದಿಗೆ ಅಪ್ಪನಿಂದ ಒಂದು ಪೈಸೆ ಕೇಳಿದವನಲ್ಲ. ಹಾಸ್ಟೆಲಿನ ಅಡುಗೆಯವರಿಗೆ ಕಾಳುಮೆಣಸು ತರಿಸಿಕೊಟ್ಟು ಊಟ ಗಿಟ್ಟಿಸಿಕೊಂಡೆ. ಲ್ಯಾಬಿಗೆ ಬೇಕಾದ ಪಂಪನ್ನು ಮೂಡಿಗೆರೆಯ ಗ್ಯಾರೇಜಿನ ಸಾಬರೊಬ್ಬರಿಂದ ಹಳೆ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿಸಿ ಮಾಡಿಸಿಕೊಂಡೆ. ಕೊಡುವವನು ಯಾವ ಮಾತಿಗೆ ಮೆತ್ತಗಾಗುತ್ತಾನೆ ಎಂದು ನನಗೆ ಬೇಗ ಗೊತ್ತಾಗುತ್ತಿತ್ತು. ಆ ಜಾಣತನದ ಬಗ್ಗೆ ಹೆಮ್ಮೆಯೂ ಇತ್ತು.

ಚೀಟಿಯ ಯೋಚನೆ ಬಂದದ್ದು ಭಾವನ ಕತ್ತಿಯಿಂದ. ಅಕ್ಕನನ್ನು ಸಂಸೆಗೆ ಕೊಟ್ಟಿತ್ತು. ಭಾವನಿಗೆ ಸ್ವಂತ ತೋಟ ಎನ್ನುವಂಥದ್ದು ಇರಲಿಲ್ಲ. ಅಂಗಳದ ಸುತ್ತ ನಾಲ್ಕು ಗಿಡ. ಆದರೆ ಮದ್ದು ಕಲೆಸುವುದರಲ್ಲಿ ಆ ಸುತ್ತಿನಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಕಾಫಿ ಎಲೆಗೆ ತುಕ್ಕುರೋಗ ಬರದಂತೆ ಹೊಡೆಯುವ ಬೋರ್ಡೋ ಮದ್ದು ಅಂದರೆ ತುತ್ತ, ಸುಣ್ಣ, ನೀರು, ಇಷ್ಟೇ. ಸುಣ್ಣ ಸಾಲದಿದ್ದರೆ ತಾಮ್ರ ಬಿಡಿಯಾಗಿ ಉಳಿದು, ರೋಗದ ಬದಲು ಎಲೆಯನ್ನೇ ಸುಡುತ್ತದೆ. ಸುಣ್ಣ ಸಾಕೋ ಸಾಲದೋ ನೋಡುವ ದಾರಿ ಒಂದೇ. ಉಜ್ಜಿ ಫಳಫಳ ಮಾಡಿದ ಕತ್ತಿಯನ್ನು ಪೀಪಾಯಿಯಲ್ಲಿ ಅದ್ದಬೇಕು. ಬಿಡಿ ತಾಮ್ರ ಇದ್ದರೆ ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದೆ.

ಭಾವ ಕತ್ತಿ ಅದ್ದಿ, ಬೀಡಿ ಹಚ್ಚಿ ಎರಡು ದಮ್ಮು ಎಳೆಯುತ್ತಿದ್ದರು. ಅದು ಅವರ ಗಡಿಯಾರ. ಆಮೇಲೆ ಕತ್ತಿ ಎತ್ತಿ, ಬೆಳಕಿಗೆ ಹಿಡಿದು, ಕೆಂಪಿನ ಸುಳಿವು ಕಂಡರೆ, "ಇನ್ನೊಂದು ಮೊಗೆ ಸುಣ್ಣ ಬಿಡ್ರೋ" ಎಂದು ಆಳುಗಳಿಗೆ ಹೇಳುತ್ತಿದ್ದರು. ನಾನೊಮ್ಮೆ ಹತ್ತಿರ ನಿಂತು, ಇದಕ್ಕಿಂತ ಕಡಿಮೆ ತಾಮ್ರ ಇದ್ದರೆ ಕತ್ತಿಗೆ ಕಾಣಿಸುವುದಿಲ್ಲವಲ್ಲ ಭಾವ ಎಂದೆ.

"ಕತ್ತಿಗೆ ಕಾಣದಿದ್ರೆ ಎಲೆಗೂ ಕಾಣಲ್ಲ ಮಾರಾಯ."

"ಕಾಣುತ್ತೆ. ನಿಮ್ಮ ಕಣ್ಣಿಗೆ ಕಾಣದ ಹಾಗೆ ಎಲೆ ಸ್ವಲ್ಪ ಸ್ವಲ್ಪ ಬೇಯ್ತದೆ."

"ಓಹೋ. ಹಾಗಾದ್ರೆ ಮೇಷ್ಟ್ರು ಒಂದು ಒಳ್ಳೇ ಕತ್ತಿ ಮಾಡಿಕೊಡಲಿ, ನೋಡುವ. ಅಕ್ಕನ ಮದುವೇಲಿ ವಾಚೂ ಕೊಡ್ಲಿಲ್ಲ ನಿಮ್ಮಪ್ಪ."

ಹಂಗಿಸಿ ಹೇಳಿದ ಮಾತೇ. ಆದರೆ ನಾನು ಅದನ್ನೇ ಹಿಡಿದೆ.

ಪುಡಿ ಬಂದ ಮೇಲೆ ಫಿಲ್ಟರ್ ಕಾಗದವನ್ನು ಅದರ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಕಿರುಬೆರಳಗಲದ ಚೀಟಿ ಕತ್ತರಿಸಿದೆ. ಒಂದೂಕಾಲು ಗ್ರಾಮಿನಲ್ಲಿ ಸಾವಿರಕ್ಕೂ ಮೇಲೆ ಚೀಟಿ ಬಂದವು. ಬಿಡಿ ತಾಮ್ರಕ್ಕೆ ಅದ್ದಿದರೆ ಅರ್ಧ ನಿಮಿಷದೊಳಗೆ ನೇರಳೆ. ಮೊದಲ ಕಟ್ಟನ್ನು ಸಂಸೆಗೆ ಒಯ್ದಾಗ ಭಾವ ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಚೀಟಿ ಹಿಡಿದು ಪೀಪಾಯಿಯಿಂದ ಪೀಪಾಯಿಗೆ ನಡೆದರು. ಕತ್ತಿ ಕೆಂಪಾದಲ್ಲೆಲ್ಲ ಚೀಟಿ ನೇರಳೆಯಾಯಿತು. ಎರಡು ಕಡೆ ಕತ್ತಿ ಬೆಳ್ಳಗೇ ಇದ್ದು ಚೀಟಿ ಮಾತ್ರ ಬಣ್ಣ ತಿರುಗಿತು. ಭಾವ ಅಲ್ಲಿ ಇನ್ನರ್ಧ ಮೊಗೆ ಸುಣ್ಣ ಹಾಕಿಸಿ, ಮತ್ತೊಂದು ಚೀಟಿ ಅದ್ದಿ, ಹಳದಿಯೇ ಉಳಿದದ್ದನ್ನು ನೋಡಿ ನಕ್ಕರು.

"ಈ ನಿನ್ನ ಬಳೆಗೆ ನನ್ನ ಕಣ್ಣಿಗಿಂತ ಚುರುಕು ಕಣ್ಣು. ಕುಡೀದೆ ಅಷ್ಟು ಸ್ಪಿರಿಟ್ ಚೆಲ್ಲಿದ್ದು ವ್ಯರ್ಥ ಆಗ್ಲಿಲ್ಲ ಬಿಡು."

ಅಂಥ ದಿನಗಳು ಆಮೇಲೆ ಹೆಚ್ಚು ಬರಲಿಲ್ಲ.

ಗೈಡಿಗೆ ಇನ್ನೊಂದು ಬೇಕಿತ್ತು. ಲ್ಯಾಬಿನ ಹೊರಗೆ, ಹೊಲ ತೋಟದಲ್ಲಿ, ಇದನ್ನೇ ನಂಬಿ ಯಾರಾದರೂ ಒಂದು ಕಾಲ ಕೆಲಸ ಮಾಡಿದ್ದರೆ ಅದನ್ನು ಕೊನೆಯ ಅಧ್ಯಾಯ ಮಾಡಬಹುದು ಎಂದರು. ಭಾವ ಮದ್ದು ಕಲೆಸುತ್ತಿದ್ದ ಏಳರಲ್ಲಿ ದೊಡ್ಡ ಎಸ್ಟೇಟಿನ ಸಾಹುಕಾರರ ಹತ್ತಿರ ಹೋದೆ. ಜಗಲಿಯಲ್ಲಿ ಕಾಫಿ ಕೊಟ್ಟರು. ಭಾವ ಮೆಟ್ಟಿಲ ಕೆಳಗೆ ನಿಂತಿದ್ದರು. ಸಾಹುಕಾರರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕತ್ತಿ ಹೇಳಿದ್ದನ್ನೇ ಇದೂ ಹೇಳೋದಾದ್ರೆ ಇದು ಯಾಕೆ ಬೇಕು ಮೇಷ್ಟ್ರೇ?"

"ಕತ್ತಿ ಹೇಳದ್ದನ್ನೂ ಹೇಳುತ್ತೆ ಸಾರ್."

"ಹಾಗಾದ್ರೆ ಕತ್ತಿ ಯಾಕೆ ಬೇಕು?"

ಇದಕ್ಕೆ ನನ್ನ ಹತ್ತಿರ ಎರಡು ಉತ್ತರ ಇತ್ತು. ಒಂದು ಸರಿಯಾದದ್ದು: ಚೀಟಿ ಇನ್ನೂ ಒಂದು ಮಳೆಗಾಲ ಕಂಡಿಲ್ಲ, ಎರಡನ್ನೂ ಜೊತೆಗಿಟ್ಟು ನೋಡೋಣ. ಇನ್ನೊಂದು ವ್ಯಾಪಾರ ಕುದುರಿಸುವುದು. ಎರಡೆರಡು ಇದ್ದರೆ ಯಾವುದನ್ನು ನಂಬಿ ಕೆಲಸ ನಡೆಯಿತು ಎಂದು ಗೈಡ್ ಕೇಳುತ್ತಾರೆ ಎಂಬುದೂ ತಲೆಯಲ್ಲಿತ್ತು.

"ಬೇಡ ಸಾರ್. ಚೀಟಿಯೊಂದೇ ಸಾಕು. ಸೀಸನ್ ಮುಗಿದ ಮೇಲೆ ಹಾಗಂತ ಎರಡು ಸಾಲು ಬರೆದುಕೊಡಿ."

"ಆಯ್ತು. ಕೇಳಿಸ್ತಲ್ಲ? ಇನ್ನು ಕತ್ತಿ ಒಳಗಿಡಿ" ಎಂದು ಸಾಹುಕಾರರು ಮೆಟ್ಟಿಲ ಕೆಳಗೆ ನೋಡಿ ಹೇಳಿದರು.

ಭಾವ, "ಹೂಂ ಅಯ್ಯ" ಎಂದರು. ಹಿಂದಕ್ಕೆ ಬರುವಾಗ ದಾರಿಯಲ್ಲಿ, "ನನ್ನ ಕೇಳಬಹುದಿತ್ತು ನೀನು" ಎಂದರು. ಚೀಟಿ ಕತ್ತಿಗಿಂತ ಒಳ್ಳೆಯದು ಎಂದು ನೀವೇ ಒಪ್ಪಿದ್ದೀರಲ್ಲ ಎಂದೆ.

ಇಪ್ಪತ್ತೈದಿಪ್ಪತ್ತೈದು ಚೀಟಿಯನ್ನು ಬೆಣ್ಣೆಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಅಕ್ಕನ ಕೈಗೆ ಕೊಟ್ಟೆ. ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಬೆವರಿ ಒಂದಕ್ಕೊಂದು ಅಂಟುತ್ತಿದ್ದವು, ಅದಕ್ಕೇ ಬೆಣ್ಣೆಕಾಗದ. "ತೇವ ಮಾತ್ರ ತಾಗಬಾರದು ಅಕ್ಕ. ತೇವ ತಾಗಿದರೆ ಕೆಲಸಕ್ಕೆ ಬಾರದು" ಎಂದು ಮೂರು ಸಲ ಹೇಳಿದೆ.

"ನಂಗೆ ಹೇಳಿಕೊಡ್ತೀಯಾ? ಬೆಂಕಿಪೊಟ್ಟಣ, ಉಪ್ಪು, ಹುಡುಗರ ಬಟ್ಟೆ ಎಲ್ಲ ಒಣಗಿಸಿಕೊಂಡೇ ಮಳೆಗಾಲ ಕಳೆಯೋಳು ನಾನು. ನೀನು ನಿನ್ನ ಪಾಠ ನೋಡ್ಕೋ ಹೋಗು."

ಎಲ್ಲಿಡುತ್ತೀಯ ಎಂದು ನಾನು ಕೇಳಲಿಲ್ಲ.

ಮಳೆಗಾಲದ ಮುಂಚಿನ ಮದ್ದು ಸರಾಗವಾಗಿ ಮುಗಿಯಿತು. ದೊಡ್ಡ ಎಸ್ಟೇಟು ಒಪ್ಪಿದ್ದು ಕೇಳಿ ಉಳಿದವರೂ ಒಪ್ಪಿದ್ದರು, ಏಳೂ ಎಸ್ಟೇಟಿನಲ್ಲಿ ಚೀಟಿಯಲ್ಲೇ ಕೆಲಸ. ಭಾವ ಒಂದು ಚಿಕ್ಕ ಪುಸ್ತಕದಲ್ಲಿ ಪ್ರತಿ ಪೀಪಾಯಿಯ ಬಣ್ಣ ಗುರುತು ಹಾಕಿ ಕಳಿಸಿದರು, ನಾನು ಅದನ್ನು ಅಧ್ಯಾಯಕ್ಕೆ ಸೇರಿಸಿದೆ. ಆಮೇಲೆ ಮಳೆ ಹಿಡಿಯಿತು. ಎರಡನೇ ಸಲ ಮದ್ದು ಹೊಡೆಯುವುದು ನಡುಮಳೆಗಾಲದಲ್ಲಿ, ಮಳೆ ನಾಲ್ಕು ದಿನ ಹೊಳವಾದಾಗ. ಆ ಸಲ ಹೊಳವಾದದ್ದೇ ತಡ, ದೊಡ್ಡ ಎಸ್ಟೇಟಿನಲ್ಲಿ ಗಡಿಬಿಡಿಯಿಂದ ಮೂರು ದಿನ ಹೊಡೆದರು. ವಾರ ಕಳೆದು ಕಳಸದ ಬಸ್ಸಿನ ಕಂಡಕ್ಟರು ಕಾಲೇಜಿನ ಗೇಟಿನವರೆಗೆ ಬಂದು ಒಂದು ಕಾಗದ ಕೊಟ್ಟರು. ಭಾವನ ಅಕ್ಷರ. "ಬಾ" ಎಂದಷ್ಟೇ ಇತ್ತು.

ಮರುದಿನ ಮೊದಲ ಬಸ್ಸಿಗೆ ಹೋದೆ. ತೋಟದ ಗೇಟಿನಿಂದಲೇ ಕಂಡಿತು. ಎಳೆ ಎಲೆಗಳ ಅಂಚು ಕಂದಾಗಿ ಮುದುರಿತ್ತು, ನೆಲದ ತುಂಬಾ ಎಲೆ, ಎಲೆಯ ಜೊತೆ ಹಸಿರು ಕಾಯಿ. ತುಕ್ಕುರೋಗ ಹೀಗೆ ಮಾಡುವುದಿಲ್ಲ. ಭಾವ ಪೀಪಾಯಿಗಳ ಹತ್ತಿರ ಕೂತಿದ್ದರು. ಎಷ್ಟು ಎಕರೆ ಎಂದು ಕೇಳಿದೆ. ಕೈಯನ್ನು ಗುಡ್ಡದ ಕಡೆ ಬೀಸಿದರು.

"ಚೀಟಿ ನೋಡಿದ್ರಾ ಭಾವ?"

"ಪ್ರತಿ ಪೀಪಾಯಿಗೂ ನೋಡಿದೆ. ಎಲ್ಲಾ ಹಳದಿ."

ಅವರು ಕೂತಿದ್ದ ಜಾಗದ ಸುತ್ತ ಕೆಸರಿನಲ್ಲಿ ಅದ್ದಿ ಎಸೆದ ಚೀಟಿಗಳು ಬಿದ್ದಿದ್ದವು. ಬಗ್ಗಿ ಒಂದನ್ನು ಎತ್ತಿದೆ. ನೇರಳೆ. ಇನ್ನೊಂದು, ಮತ್ತೊಂದು. ಒಂದೂ ಹಳದಿ ಇರಲಿಲ್ಲ. ಕೈಯಲ್ಲಿ ಹಿಡಿದದ್ದನ್ನು ಜೇಬಿಗೆ ಹಾಕಿಕೊಂಡು ಅಕ್ಕನ ಮನೆಗೆ ನಡೆದೆ.

ಅಕ್ಕ ದನದ ಹಟ್ಟಿಯಲ್ಲಿದ್ದಳು. ಅಡುಗೆಮನೆಗೆ ಹೋಗಿ ನೋಡಿದೆ. ಒಲೆಯ ಮೇಲೆ ಬಿದಿರಿನ ಅಟ್ಟ. ಅದರ ಮೇಲೆ ಬೆಂಕಿಪೊಟ್ಟಣ, ಉಪ್ಪಿನ ಮರಿಗೆ, ವಾಟೆಹುಳಿ, ಅದರ ಪಕ್ಕದಲ್ಲಿ ನೀಟಾಗಿ ಜೋಡಿಸಿದ ನನ್ನ ಕಟ್ಟುಗಳು. ಬೆಣ್ಣೆಕಾಗದ ಹೊಗೆ ಕುಡಿದು ಚಹಾದ ಬಣ್ಣಕ್ಕೆ ತಿರುಗಿತ್ತು. ಕೈಗೆ ತೆಗೆದುಕೊಂಡರೆ ಬೆಚ್ಚಗೆ, ಗರಿಗರಿ. ತೇವ ಒಂದು ಚೂರೂ ಇರಲಿಲ್ಲ. ಈ ಗುಡ್ಡದಲ್ಲಿ ಮಳೆಗಾಲದಲ್ಲಿ ಒಣಗಿರಬೇಕಾದ ಯಾವುದನ್ನೇ ಆಗಲಿ ಇನ್ನೆಲ್ಲಿ ಇಡುತ್ತಾರೆ?

ಹಿತ್ತಲಿಗೆ ಹೋಗಿ ಒಂದು ಲೋಟದಲ್ಲಿ ಬರೀ ತುತ್ತದ ನೀರು ಮಾಡಿಕೊಂಡೆ. ಸುಣ್ಣವೇ ಇಲ್ಲ, ಪೂರ್ತಿ ತಾಮ್ರ. ಅಟ್ಟದ ಚೀಟಿ ಅದ್ದಿ ವಾಚು ನೋಡಿದೆ. ಅರ್ಧ ನಿಮಿಷ, ಹಳದಿ. ಐದು ನಿಮಿಷ, ಹಳದಿ. ಹನ್ನೊಂದಕ್ಕೆ ಅಂಚು ಸ್ವಲ್ಪ ಕಪ್ಪಾದಂತೆ ಕಂಡಿತು. ಮುಕ್ಕಾಲು ಗಂಟೆಗೆ ಪೂರ್ತಿ ನೇರಳೆ. ಅಲ್ಲೇ ಕಲ್ಲಿನ ಮೇಲೆ ಕೂತು ಅರ್ಥ ಮಾಡಿಕೊಂಡೆ. ಸೌದೆ ಹೊಗೆಯಲ್ಲಿ ಹುಳಿ ಇರುತ್ತದೆ. ತಿಂಗಳುಗಟ್ಟಲೆ ಅದು ಕಾಗದಕ್ಕೆ ಇಳಿದು, ನನ್ನ ಬಳೆಯೊಳಗೆ ತಾಮ್ರ ಕೂರಬೇಕಾದ ಜಾಗದಲ್ಲಿ ತಾನು ಕೂತಿತ್ತು. ತಾಮ್ರ ಬಂದಾಗ ಮನೆ ಭರ್ತಿ. ಒಳಗಿನವರು ಒಬ್ಬೊಬ್ಬರಾಗಿ ಎದ್ದು ಜಾಗ ಬಿಡುವ ಹೊತ್ತಿಗೆ ಮದ್ದು ಗಿಡದ ಮೇಲಿರುತ್ತಿತ್ತು.

ಇಷ್ಟು ತಿಳಿದುಕೊಂಡೇ ನಾನು ಮಧ್ಯಾಹ್ನ ಸಾಹುಕಾರರ ಜಗಲಿಗೆ ಹೋದದ್ದು. ಓದುವವರು ಇದನ್ನು ಗಮನಿಸಬೇಕು. ಗೊತ್ತಿಲ್ಲದೆ ಸುಮ್ಮನಿದ್ದವನಲ್ಲ ನಾನು.

ಸಾಹುಕಾರರು, ಲೆಕ್ಕ ಬರೆಯುವ ರೈಟರ್, ಭಾವ, ನಾನು. ಈ ಸಲ ಕಾಫಿ ಬರಲಿಲ್ಲ.

"ಮೇಷ್ಟ್ರೇ, ನಿಮ್ಮ ಚೀಟಿ ಸರಿ ಇತ್ತಾ?"

ಪ್ರಬಂಧ ಟೈಪಾಗುತ್ತಿತ್ತು. ಕೊನೆಯ ಅಧ್ಯಾಯದ ಹಿಂದೆ ಸೇರಿಸಲು ಇವರ ಪತ್ರಕ್ಕೆ ಒಂದು ಹಾಳೆ ಖಾಲಿ ಬಿಟ್ಟಿದ್ದೆ. ಬೇರೆಯವರ ಬಾಯಿಂದ ಬೇಕಾದ ಮಾತು ಹೊರಡಿಸುವುದು ನನಗೆ ಗೊತ್ತಿತ್ತಲ್ಲ, ಹಾಗೇ ಮಾಡಿದೆ.

"ಮೊದಲು ಸುಣ್ಣ ನೋಡಬೇಕು ಸಾರ್."

ಸುಣ್ಣದ ಚೀಲ ತರಿಸಿದರು. ಸುಣ್ಣ ಹಳೆಯದು, ಮಳೆಗಾಲದ ಗಾಳಿ ಕುಡಿದು ಸತ್ತ ಸುಣ್ಣ. ನೀರು ಹಾಕಿದರೆ ಬಿಸಿಯೇ ಏರಲಿಲ್ಲ. ಮಾತೆಲ್ಲ ಸುಣ್ಣದ ಮೇಲೆ ಹೋಯಿತು. ಸುಣ್ಣ ಕೆಟ್ಟದ್ದೂ ನಿಜವೇ. ಆದರೆ ಸತ್ತ ಸುಣ್ಣವನ್ನು ಹಿಡಿಯುವುದಕ್ಕೇ ಅಲ್ಲವೇ ಕತ್ತಿ ಇದ್ದದ್ದು, ಚೀಟಿ ಬಂದದ್ದು?

ಭಾವ ಒಂದು ಸಲ ನನ್ನ ಮುಖ ನೋಡಿದರು. ನಾನು ಸುಣ್ಣ ನೋಡುತ್ತಿದ್ದೆ.

"ಸುಣ್ಣ ನಾನೇ ಇಳಿಸಿಕೊಂಡದ್ದು ಅಯ್ಯ. ಚೀಲದ ಬಾಯಿ ಬಿಗೀಲಿಲ್ಲ" ಎಂದರು.

"ಇಷ್ಟು ವರ್ಷದವರು ಹೀಗೆ ಮಾಡಿದ್ರೆ ಎಂಥ ಹೇಳೋದು? ನಾಳೆಯಿಂದ ಪೀಪಾಯಿ ಹತ್ತಿರ ಬರಬೇಡಿ."

ಉಳಿದ ಆರು ಎಸ್ಟೇಟಿಗೆ ಸುದ್ದಿ ಮುಟ್ಟಲು ವಾರ ಬೇಕಾಗಲಿಲ್ಲ. ಜೀಪಿನಲ್ಲಿ ಹೋಗುವವರು ಬರುವವರು ಹೇಳಿಕೊಂಡೇ ಹೋದರು. ಸೀಸನ್ ಮುಗಿದ ಮೇಲೆ ಸಾಹುಕಾರರು ಪತ್ರ ಕೊಟ್ಟರು. ಚೀಟಿಯದು ತಪ್ಪಿಲ್ಲವಲ್ಲ, ಮಾತು ಕೊಟ್ಟಿದ್ದೇನೆ ಎಂದರು. ಖಾಲಿ ಬಿಟ್ಟಿದ್ದ ಹಾಳೆಗೆ ಅದು ಸರಿಯಾಗಿ ಕೂತಿತು. ಡಾಕ್ಟರೇಟ್ ಬಂತು.

ಭಾವ ಆ ಚಳಿಗಾಲದಲ್ಲಿ ಜಾವಳಿಯ ಕಡೆಗೆ ಹೋದರು. ಅಲ್ಲಿ ಯಾರಿಗೂ ಅವರ ಗುರುತಿರಲಿಲ್ಲ. ಬೇರೆಯವರು ಕಲೆಸಿದ ಮದ್ದಿನ ಪೈಪು ಎಳೆಯುವ ಕೆಲಸ, ಕೂಲಿಯವರ ಲೈನಿನಲ್ಲಿ ಒಂದು ಕೋಣೆ. ತಿಂಗಳಿಗೊಮ್ಮೆ ಸಂಸೆಗೆ ಬರುತ್ತಿದ್ದರಂತೆ. ಅಕ್ಕ ನನ್ನ ಹತ್ತಿರ ಏನೂ ಕೇಳಲಿಲ್ಲ, ಬೈಯಲಿಲ್ಲ. ಮೊದಲೆಲ್ಲ ಬಸ್ಸಿನಲ್ಲಿ ನನಗೆ ಕಾಫಿಪುಡಿಯೋ ಹಪ್ಪಳವೋ ಕಳಿಸುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತರೆ ಕಂಡಕ್ಟರು ದೂರದಿಂದಲೇ ಕೈ ಆಡಿಸಿ, "ಈ ಸಲವೂ ಏನಿಲ್ಲ ಸಾರ್" ಎನ್ನುತ್ತಿದ್ದರು. ಕೆಲವು ತಿಂಗಳ ಮೇಲೆ ಹೋಗುವುದನ್ನೇ ಬಿಟ್ಟೆ.

ಇನ್ನೊಂದನ್ನೂ ಹೇಳಿಬಿಡಬೇಕು. ಆ ಮುಕ್ಕಾಲು ಗಂಟೆ ನನ್ನನ್ನು ಬಿಡಲಿಲ್ಲ. ಹುಳಿ ಕೂತ ಬಳೆಯೊಳಕ್ಕೆ ತಾಮ್ರ ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂದು ಲ್ಯಾಬಿನಲ್ಲಿ ವರ್ಷಗಟ್ಟಲೆ ಅಳೆದೆ. ಹುಳಿ ಹೆಚ್ಚಾದಷ್ಟೂ ತಡ ಎಷ್ಟೆಷ್ಟು ಹೆಚ್ಚುತ್ತದೆ ಎಂದು ಗೆರೆ ಎಳೆದು ತೋರಿಸಿದೆ. ನನ್ನನ್ನು ನಾಲ್ಕು ಜನ ಕೆಮಿಸ್ಟ್ ಎಂದು ಗುರುತಿಸಿದ್ದು ಚೀಟಿಯಿಂದಲ್ಲ, ಈ ಕೆಲಸದಿಂದ. ಬಡ್ತಿ ಬಂದದ್ದೂ ಇದರಿಂದಲೇ. ಪ್ರಕಟವಾದ ಬರಹದಲ್ಲಿ ಹೊಗೆಯ ಮಾತಿಲ್ಲ. ಸೀಸೆಯಿಂದ ಅಳೆದು ಹಾಕಿದ ಆಮ್ಲ ಎಂದಿದೆ. ಸಂಸೆಯ ಮಾತೂ ಇಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ, ಒಂದು ಭಾನುವಾರ ಮೂಡಿಗೆರೆಗೆ ಬಂದು ಜೀಪು ಹಿಡಿದು ಜಾವಳಿಗೆ ಹೋದೆ. ಭಾವ ಲೈನಿನ ಮುಂದೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ತೆಳ್ಳಗಾಗಿದ್ದರು. ಉಗುರಿನ ಸಂದಿಯಲ್ಲಿ ನೀಲಿ.

"ಓ, ಡಾಕ್ಟ್ರು. ಬನ್ನಿ ಬನ್ನಿ. ಸೂಜಿ ತಂದಿದೀಯೋ, ಬರೀ ಮಾತ್ರೆಯೋ?"

ನಗಲು ಆಗಲಿಲ್ಲ. ನಿಂತೇ ಹೇಳಿದೆ. ಚೀಟಿ ಕೆಟ್ಟಿತ್ತು, ಅವತ್ತು ಜಗಲಿಗೆ ಬರುವ ಮುಂಚೆಯೇ ನನಗೆ ಗೊತ್ತಿತ್ತು ಎಂದೆ. ಅವರು ಬೀಡಿ ಹಚ್ಚಿದರು.

"ನಂಗೂ ಗೊತ್ತಿತ್ತು ಮಾರಾಯ."

"ಹೇಗೆ?"

"ಎಸೆದ ಚೀಟಿ ಎಲ್ಲ ನೇರಳೆ ಆಗಿದ್ದು ನೀನೊಬ್ನೇ ನೋಡಿದ್ದ? ಮಳೆಗಾಲದ ಮುಂಚಿನ ನಾಲ್ಕು ಚೀಟಿ ನನ್ನ ಟ್ರಂಕಲ್ಲಿ ಅಂಗಿ ಜೇಬಲ್ಲಿ ಉಳಿದಿತ್ತು. ಜಗಲಿಗೆ ಬರೋ ಮುಂಚೆ ಪೀಪಾಯಿ ತಳದಲ್ಲಿ ಉಳಿದ ಮದ್ದಿಗೆ ಅದನ್ನ ಅದ್ದಿದೆ, ಥಟ್ ಅಂತ ತಿರುಗ್ತು. ಅಟ್ಟದ್ದು ತಿರುಗ್ಲಿಲ್ಲ. ಇದಕ್ಕೆ ಡಾಕ್ಟ್ರೇ ಆಗ್ಬೇಕಾ?"

ಎರಡು ಚೀಟಿ, ಒಂದು ಪೀಪಾಯಿ. ನಾನು ವರ್ಷಗಟ್ಟಲೆ ಅಳೆದದ್ದನ್ನು ಅವರು ಒಂದು ಬೀಡಿಯ ಹೊತ್ತಿನಲ್ಲಿ ಕಂಡುಕೊಂಡಿದ್ದರು. ಹಾಗಾದರೆ ಸಾಹುಕಾರರ ಮುಂದೆ ಯಾಕೆ ಹೇಳಲಿಲ್ಲ ಎಂದೆ.

"ನೀನು ಹೇಳ್ತೀಯ ಅಂತ ಕಾದೆ. ನೀನು ಸುಣ್ಣ ನೋಡ್ತಾ ನಿಂತೆ. ಆಮೇಲೆ ಯೋಚನೆ ಬಂತು. ಚೀಟಿ ತಪ್ಪು ಅಂದ್ರೆ, ಯಾಕೆ ತಪ್ಪಾಯ್ತು ಅಂತ ಬರ್ತದೆ. ಅಟ್ಟದ ಮೇಲೆ ಇಟ್ಟದ್ದು ಯಾರು? ಅವಳು ಅದನ್ನ ತಲೇಲಿ ಹೊತ್ಕೊಂಡು ಬದುಕೋದು ಬೇಡ ಅನ್ನಿಸ್ತು. ನಿನ್ನ ಅಕ್ಕಂಗೆ ಹೊಗೆ ವಿಷಯ ಬಾಯಿ ಬಿಡಬೇಡ. ಅಷ್ಟು ಮಾಡು."

ಸಾಹುಕಾರರಿಗಾದರೂ ಹೇಳುತ್ತೇನೆ ಎಂದೆ.

"ಹೇಳು. ತಡೆಯೋನು ನಾನಲ್ಲ. ಆದ್ರೆ ಬಸ್ಸಿಗೆ ದುಡ್ಡು ದಂಡ."

ಹೋದೆ. ಸಾಹುಕಾರರಿಗೆ ಕಣ್ಣು ಮಂಜಾಗಿತ್ತು, ತೋಟ ಅಳಿಯನ ಕೈಗೆ ಹೋಗಿತ್ತು. ಚೀಟಿ ಕೆಟ್ಟಿತ್ತು, ತಪ್ಪು ನನ್ನದು, ಭಾವನದ್ದಲ್ಲ ಎಂದೆ. ಯಾಕೆ ಕೆಟ್ಟಿತು ಎಂದು ಹೇಳಲಿಲ್ಲ, ಅವರು ಕೇಳಲೂ ಇಲ್ಲ. "ಅವತ್ತೇ ಹೇಳಿದ್ರೆ ಮುಂದಿನ ಸೀಸನ್ನಿಗೇ ಅವರನ್ನ ಕರೀತಿದ್ದೆ ಮೇಷ್ಟ್ರೇ. ಅಂಥ ಕೈ ಮತ್ತೆ ಸಿಗಲಿಲ್ಲ ನನಗೆ" ಎಂದರು. ಈಗ ಅಂಗಡಿಯಲ್ಲಿ ತಾಮ್ರದ ಪುಡಿ ಪೊಟ್ಟಣದಲ್ಲೇ ಸಿಗುತ್ತದೆ, ನೀರಿಗೆ ಹಾಕಿ ಹೊಡೆದರಾಯಿತು, ನಮ್ಮಲ್ಲಿ ಕಲೆಸುವ ಕೆಲಸವೇ ಇಲ್ಲ ಎಂದು ಅಳಿಯ ಹೇಳಿದ. ಪೀಪಾಯಿಗಳನ್ನು ಒಡೆದು ಸೌದೆ ಮಾಡಿದ್ದರಂತೆ. ಭಾವ ಜಾವಳಿಯಲ್ಲೇ ಪೈಪು ಎಳೆಯುತ್ತಾ ತಮ್ಮ ಕಾಲ ಮುಗಿಸಿದರು.

ಅಕ್ಕನೂ ಹೋಗಿ ಬಹಳ ಕಾಲವಾಯಿತು. ಅದಕ್ಕೇ ಇದನ್ನು ಈಗ ಬರೆದೆ.

ನೀವು ಯಾರೇ ಆಗಿರಿ, ಹೊಸದೊಂದನ್ನು ಮಾಡಿ ಇನ್ನೊಬ್ಬರ ಕೈಗೆ ಕೊಡುವ ಕೆಲಸದಲ್ಲಿದ್ದರೆ, ನನ್ನ ಮಾತು ಇಷ್ಟು. ಹೇಗೆ ಬಳಸುತ್ತಾರೆ ಎಂದು ಕೇಳಿದರೆ ಸಾಲದು, ಬಳಸದಿರುವಾಗ ಎಲ್ಲಿಡುತ್ತಾರೆ ಎಂದು ಕೇಳಿ. ಕೇಳಿದರೂ ಸಾಲದು, ಒಳಗೆ ಹೋಗಿ ಆ ಜಾಗ ನೋಡಿ, ಅಲ್ಲೇ ಒಂದು ಮಳೆಗಾಲ ಇಡಿಸಿ ನೋಡಿ. "ತೇವ ತಾಗಬಾರದು" ಎನ್ನುವುದು ಅರ್ಧ ಮಾತು. ಬಿಸಿ, ಹೊಗೆ, ಉಪ್ಪು, ಸೀಮೆಎಣ್ಣೆ ಎಲ್ಲವನ್ನೂ ಹೆಸರು ಹಿಡಿದು ಹೇಳಿ. ಹಳೆಯ ದಾರಿಯನ್ನು ಎರಡು ಮಳೆಗಾಲ ಪಕ್ಕದಲ್ಲೇ ಇಟ್ಟುಕೊಳ್ಳಿ. ಎರಡೆರಡು ಯಾಕೆ ಎಂದು ಹಣ ಹಾಕುವವರು ಕೇಳಿದರೆ, ವ್ಯಾಪಾರ ಮುರಿದರೂ ಸರಿ, ಬೇಕು ಎಂದೇ ಹೇಳಿ. ಅದನ್ನು ಕೈಯಾರೆ ಮಾಡುವವರನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿಕೊಂಡು ಮಾತು ಮುಗಿಸಬೇಡಿ.

ಮತ್ತೆ, ತಪ್ಪು ನಿಮ್ಮದು ಎಂದು ಗೊತ್ತಾದರೆ ಅವತ್ತೇ ಹೋಗಿ. ಕಾಗದ ಬರೆಯಬೇಡಿ, ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ಕೆಲಸ ಕಿತ್ತುಕೊಂಡವರು ಅದನ್ನು ವಾಪಸ್ ಕೊಡುವ ಸ್ಥಿತಿಯಲ್ಲಿ ಇರುವಾಗಲೇ, ಅವರ ಮುಂದೆ, ನಾಲ್ಕು ಜನರ ಎದುರು ಹೇಳಿ. ಹೇಳುವಾಗ ನಿಮ್ಮ ತಪ್ಪನ್ನಷ್ಟೇ ಹೇಳಿ. ಸುಣ್ಣವೂ ಕೆಟ್ಟಿತ್ತು ಎಂಬುದು ನಿಜವೇ ಇರಬಹುದು, ಅದನ್ನು ಎತ್ತಬೇಡಿ.